ಏಳಡಿ ಅಗಲದ ಸಮುದ್ರ

"ಇನ್ನೊಂದು ಸಲ ಹಾಕಿ," ಅಂದಳು ಕಿವಿ ಮೇಡಂ.

ಇನ್‌ಸ್ಪೆಕ್ಟರು ಎಂಟನೆಯ ಸಲ ಗುಂಡಿ ಒತ್ತಿದರು. ಹನ್ನೊಂದು ದಿನದಿಂದ ಕಾಣೆಯಾಗಿದ್ದ ಅಕ್ಕನ ಧ್ವನಿ ಮೇಜಿನ ಮೇಲಿನ ಸ್ಪೀಕರಿನಿಂದ ಮತ್ತೆ ಹೊರಬಂತು.

"ನಾನು ಚೆನ್ನಾಗಿದ್ದೀನಿ. ಸಮುದ್ರದ ಹತ್ತಿರ, ಹಳೇ ಗೆಳತಿ ಮನೇಲಿದ್ದೀನಿ. ಸುಮ್ಮನೆ ಸ್ವಲ್ಪ ದಿನ ಒಬ್ಬಳೇ ಇರಬೇಕು ಅನ್ನಿಸ್ತು. ಯಾರೂ ಹುಡುಕಬೇಡಿ. ಪುಟ್ಟಿ, ನೀನೂ ಅಳಬೇಡ."

ಪುಟ್ಟಿ ಅಂದರೆ ಕಿವಿ ಮೇಡಂ. ನಲವತ್ತೆರಡು ತುಂಬಿದ ಹೆಂಗಸನ್ನು ಹಾಗೆ ಕರೆಯುವ ಹಕ್ಕು ಲೋಕದಲ್ಲಿ ಇಬ್ಬರಿಗೆ ಮಾತ್ರ ಇತ್ತು, ಅಕ್ಕನಿಗೆ ಮತ್ತು ಭಾವನಿಗೆ. ಮಿಕ್ಕವರಿಗೆಲ್ಲ ಅವಳು ಕಿವಿ ಮೇಡಂ. ಸಭಾಂಗಣವೋ, ಶಾಲೆಯ ಕೋಣೆಯೋ, ಆಸ್ಪತ್ರೆಯ ವಾರ್ಡೋ, ಎಲ್ಲಿ ಆಡಿದ ಮಾತು ಗದ್ದಲವಾಗಿ ಕೇಳುತ್ತದೋ ಅಲ್ಲಿನ ಗೋಡೆಗೆ ಮದ್ದು ಮಾಡುವುದು ಅವಳ ಕಸುಬು. ಕೆಲವು ಗೋಡೆ ಸದ್ದನ್ನು ಕುಡಿಯಬೇಕು, ಕೆಲವು ಚೆಲ್ಲಬೇಕು. ಯಾವುದು ಎಲ್ಲಿ, ಎಷ್ಟು ದಪ್ಪ, ಎಷ್ಟು ಆಳ ಎಂದು ಅವಳು ನಕ್ಷೆ ಬರೆಯುತ್ತಿದ್ದಳು. ಬಡಗಿಯಾದ ಭಾವ ಅದನ್ನು ಮರದಲ್ಲಿ ಕೊಯ್ಯುತ್ತಿದ್ದರು. ಪೊಲೀಸರಿಗೆ ಆಗಾಗ ಅವಳ ಕಿವಿ ಬೇಕಾಗುತ್ತಿತ್ತು. ಈ ಸಲ ಕಾಣೆಯಾಗಿದ್ದವಳು ಅವಳ ಒಡಹುಟ್ಟಿದವಳೇ.

"ಮೇಡಂ, ನಾನು ಸಾಯಂಕಾಲ ಫೈಲ್ ಮುಚ್ಚಬೇಕು ಅಂತಿದೀನಿ," ಇನ್‌ಸ್ಪೆಕ್ಟರು ಮೆತ್ತಗೆ ಹೇಳಿದರು. "ಕವರಿನ ಮೇಲೆ ಬಂದರು ಊರಿನ ಅಂಚೆ ಮುದ್ರೆ ಇದೆ. ಒಳಗಿದ್ದ ಮೆಮೊರಿ ಕಾರ್ಡಿನಲ್ಲಿರೋದು ನಿಮ್ಮಕ್ಕನ ಧ್ವನೀನೇ ಅಂತ ನೀವೇ ಅಂದ್ರಿ. ಕುತ್ತಿಗೆ ಹಿಡಿದು ಹೇಳಿಸಿದ ಹಾಗೂ ಇಲ್ಲ. ಐವತ್ತು ದಾಟಿದ ಹೆಂಗಸು ನಾಲ್ಕು ದಿನ ಒಬ್ಬಳೇ ಇರ್ತೀನಿ ಅಂದ್ರೆ ಪೊಲೀಸಿನವನು ಏನು ಮಾಡಕ್ಕಾಗತ್ತೆ?"

"ಧ್ವನಿ ಅಕ್ಕಂದೇ. ಕೋಣೆ ಸಮುದ್ರದ ಹತ್ತಿರದ್ದಲ್ಲ."

"ಕೋಣೆ ಎಲ್ಲಿ ಕೇಳಿಸ್ತು ನಿಮಗೆ?"

"ಅಕ್ಕ ಬಾಯಿ ಮುಚ್ಚಿದ ಮೇಲೆ."

ಇನ್‌ಸ್ಪೆಕ್ಟರಿಗೆ ಇದು ಹೊಸದಲ್ಲ. ಆದರೂ ಅವರು ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಕೂತರು.

ಕಿವಿ ಮೇಡಂ 'ಸುಮ್ಮನೆ' ಎನ್ನುವ ಒಂದೇ ಮಾತನ್ನು ಬೇರೆ ಮಾಡಿ ಮತ್ತೆ ಮತ್ತೆ ಹಾಕಿದಳು. "ನೋಡಿ, 'ಮ್ಮ' ಅನ್ನೋ ಕಡೆ ಕೊಡ ಬಡಿದ ಹಾಗೆ ಗುಂ ಅನ್ನತ್ತೆ. ಬೇರೆ ಕಡೆ ಅನ್ನಲ್ಲ. ಎದುರುಬದುರು ಎರಡು ಗೋಡೆ ತೀರ ಹತ್ತಿರ ಇದ್ದು, ದಪ್ಪ ಸದ್ದನ್ನ ಕುಡಿಯೋಕೆ ಮೂಲೇಲಿ ಏನೂ ಇಲ್ಲದಿದ್ರೆ ಹೀಗಾಗತ್ತೆ. ಲೆಕ್ಕ ಹಾಕಿದೆ. ಆ ಕೋಣೆ ಅಗಲ ಏಳಡಿ."

"ಏಳಡಿ ಕೋಣೆ ಸಮುದ್ರದ ಹತ್ತಿರ ಇರಬಾರದಾ?"

"ಇರಬಹುದು. ಆದ್ರೆ ಮನೆ ಗೋಡೆಗೆ ತಾಕಿದ ಮಾತು ಚೆಂಡಿನ ಹಾಗೆ ಒಂದೇ ಏಟಿಗೆ ವಾಪಸ್ ಬರತ್ತೆ. ಇಲ್ಲಿ ಹಾಗೆ ಬರ್ತಿಲ್ಲ. ಹಿಡಿ ಮರಳು ಎರಚಿದ ಹಾಗೆ ಚೂರು ಚೂರಾಗಿ ಬರ್ತಿದೆ. ಅಂದ್ರೆ ಒಂದು ಗೋಡೆಗೆ ಹಲಗೆ ಗೂಡುಗಳಿವೆ, ಒಂದು ಆಳವಾಗಿ, ಒಂದು ಆಳವಿಲ್ಲದೆ. ಆಳದ ಗೂಡಿಗೆ ಹೋದ ಸದ್ದು ತಡವಾಗಿ ಬರತ್ತೆ, ಆಳವಿಲ್ಲದ್ದರಿಂದ ಬೇಗ ಬರತ್ತೆ. ಯಾರೋ ಬೇಕು ಅಂತ ಮಾಡಿದ ಗೋಡೆ ಇದು."

"ನಿಮ್ಮ ಕಸುಬಿನವರು ಮಾಡಿದ್ದು."

"ಹೂಂ," ಅಂದಳು.

ಅಷ್ಟರಲ್ಲಿ ಅವಳಿಗೆ ಇನ್ನೊಂದು ಕೇಳಿಸಿತ್ತು. 'ಸಮುದ್ರ', 'ಸ್ವಲ್ಪ', 'ಅನ್ನಿಸ್ತು': ಪ್ರತಿಯೊಂದು 'ಸ'ಕಾರದ ಬಾಲಕ್ಕೂ ಎಳೆಯಷ್ಟು ಸಿಳ್ಳು. ಗೂಡುಗಳ ಆಳವನ್ನು ಜೋಡಿಸುವುದಕ್ಕೆ ಒಂದು ಕ್ರಮ ಇದೆ. ಆ ಕ್ರಮ ತಪ್ಪಿ, ಒಂದೇ ಆಳದ ಎರಡು ಗೂಡು ಇರಬಾರದ ಕಡೆ ಅಕ್ಕಪಕ್ಕ ಕೂತರೆ ಅಂಥ ಸಿಳ್ಳು ಹುಟ್ಟುತ್ತದೆ. ಅಂಥ ತಪ್ಪನ್ನು ಅವಳು ಜೀವಮಾನದಲ್ಲಿ ಒಂದೇ ಸಲ ಮಾಡಿದ್ದಳು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮೊಟ್ಟಮೊದಲ ಗೋಡೆಯಲ್ಲಿ. ಭಾವ ಕೊಯ್ದು ಮೊಳೆ ಹೊಡೆದು ಮುಗಿಸಿದ ಮೇಲೆ ತಪ್ಪು ಗೊತ್ತಾಗಿ ಅವಳು ಅತ್ತಿದ್ದಳು. "ಇರಲಿ ಬಿಡು, ಮೊದಲನೆಯದು ನಮ್ಮ ಹತ್ರಾನೇ ಇರಲಿ," ಎಂದು ಭಾವ ಆ ಗೋಡೆಯನ್ನು ಬಿಚ್ಚದೆ ಬಿಟ್ಟಿದ್ದರು.

ಅದು ಇದ್ದದ್ದು ಭಾವನ ಮರಗೆಲಸದ ಶೆಡ್ಡಿನ ಹಿಂದೆ. ಹತ್ತು ವರ್ಷದಿಂದ ಬೀಗ ಹಾಕಿದ, ಏಳಡಿ ಅಗಲದ ಪರೀಕ್ಷೆ ಕೋಣೆಯಲ್ಲಿ.

ಅಕ್ಕ ಕಾಣೆಯಾದ ಮೊದಲ ದಿನ ಭಾವ ಅವಳ ಜೊತೆ ಬೀದಿ ಬೀದಿ ಅಲೆದಿದ್ದರು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಒಂದೇ ಲೋಟದ ಕಾಫಿಯನ್ನು ಅವಳಿಗೆ ಕುಡಿಸಿ ತಾವು ಬರೀ ನೀರು ಕುಡಿದಿದ್ದರು.

"ಮೇಡಂ, ಮುಖ ಬಿಳಿಚಿಕೊಂಡಿದೆ. ಏನೋ ಸಿಕ್ಕಿದೆ ನಿಮಗೆ," ಅಂದರು ಇನ್‌ಸ್ಪೆಕ್ಟರು.

"ಸಾಯಂಕಾಲದವರೆಗೆ ಫೈಲ್ ಮುಚ್ಚಬೇಡಿ. ಅಷ್ಟು ಉಪಕಾರ ಮಾಡಿ."

"ನಿಮ್ಮ ಜೊತೆ ಹತ್ತು ವರ್ಷ ಕೆಲಸ ಮಾಡಿದೀನಿ. ನೀವು ಸುಳ್ಳು ಹೇಳೋದು ನನಗೂ ಕೇಳಿಸತ್ತೆ," ಎಂದು ಅವರು ಟೋಪಿ ತೆಗೆದುಕೊಂಡರು. "ಐದು ಗಂಟೆ. ಅಲ್ಲೀವರೆಗೆ ನನಗೆ ಕಿವುಡು ಅಂದ್ಕೊಳ್ಳಿ."

*

ಶೆಡ್ಡಿನಲ್ಲಿ ಗರಗಸದ ಮಷೀನು ಕಿರುಚುತ್ತಿತ್ತು.

ಭಾವ ತಲೆಯೆತ್ತಿ ಅವಳನ್ನು ನೋಡಿದರು. ಮತ್ತೆ ತಲೆ ತಗ್ಗಿಸಿದರು. ಮಷೀನು ನಿಲ್ಲಿಸಲಿಲ್ಲ.

ಇದು ಅವಳಿಗೆ ಬಿದ್ದ ಮೊದಲ ಪೆಟ್ಟು. ಹತ್ತೊಂಬತ್ತು ವರ್ಷದಲ್ಲಿ ಅವಳು ಬಾಗಿಲಿಗೆ ಬಂದ ಮೇಲೆ ಆ ಮಷೀನು ಒಂದು ನಿಮಿಷವೂ ಓಡಿದ್ದಿಲ್ಲ. "ಪುಟ್ಟಿ ಬಂದಳು, ಅವಳ ಕಿವಿ ನೋಯತ್ತೆ," ಎಂದು ಅರ್ಧ ಕೊಯ್ದ ಹಲಗೆಯನ್ನೂ ಹಾಗೇ ಬಿಟ್ಟು ಗುಂಡಿ ಒತ್ತುವ ಮನುಷ್ಯ. ಇವತ್ತು ಕೊಯ್ಯುವುದಕ್ಕೆ ಮಷೀನಿನ ಮೇಲೆ ಹಲಗೆಯೇ ಇರಲಿಲ್ಲ.

ಸದ್ದಿನಿಂದ ಸದ್ದನ್ನು ಮುಚ್ಚುವುದು ಅವಳಿಗೆ ತಿಳಿಯದ ವಿದ್ಯೆಯಲ್ಲ. ಅವಳು ತಾನೇ ಹೋಗಿ ಗುಂಡಿ ಒತ್ತಿದಳು. ಬ್ಲೇಡು ಗೊಣಗುತ್ತ ನಿಂತಿತು.

"ಊಟ ಆಯ್ತಾ ಭಾವ?"

"ಆಯ್ತಮ್ಮ."

ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಊಟದ ಡಬ್ಬಿಗಳು ಎರಡಿದ್ದವು. ಲೋಟವೂ ಎರಡು. ಅವಳು ಅದನ್ನು ನೋಡಿದ್ದನ್ನು ಭಾವ ನೋಡಿದರು.

ಅವಳು ಶೆಡ್ಡಿನ ಒಳಗೆ ನಾಲ್ಕು ಹೆಜ್ಜೆ ನಡೆದಳು. ಬಲಗಡೆ ಗೋಡೆಗೆ ಟಾರ್ಪಾಲು ಹೊದ್ದ ರಾಶಿಯೊಂದಿತ್ತು. ಅಂಚು ಎತ್ತಿದಳು. ಹೊಟ್ಟೆ ಉಬ್ಬಿದ ಹಲಗೆಗಳು, ಒಂದರ ಬೆನ್ನಿಗೆ ಒಂದು. ಬೆರಳಿಟ್ಟು ಎಣಿಸಿದಳು. ಹತ್ತು.

"ಇವು ಇಲ್ಲಿ ಯಾಕಿವೆ?"

ಹೊಸ ಸಭಾಂಗಣದ ಹಿಂಗೋಡೆಗೆ ಅವಳೇ ಬರೆದುಕೊಟ್ಟ ಹಲಗೆಗಳು ಅವು. ಆ ಗೋಡೆ ಬಟ್ಟಲಿನಂತೆ ಒಳಗೆ ಬಾಗಿದೆ. ಅಂಥ ಗೋಡೆಯನ್ನು ಬರಿದಾಗಿ ಬಿಟ್ಟರೆ ಅದು ಸದ್ದನ್ನೆಲ್ಲ ಒಟ್ಟು ಮಾಡಿ ಒಂದೇ ಕಡೆಗೆ ಸುರಿಯುತ್ತದೆ. ಮೂಲೆಯಲ್ಲಿ ಪಿಸುಗುಟ್ಟಿದ್ದು ಎಲ್ಲೋ ಕೂತವರ ಕಿವಿಯಲ್ಲಿ ಬೀಳುತ್ತದೆ. ಅದನ್ನು ಒಡೆದು ಹರಡಲೆಂದೇ ಈ ಉಬ್ಬು ಹಲಗೆಗಳು. ಎರಡು ತಿಂಗಳ ಹಿಂದೆಯೇ ಅವು ಗೋಡೆಗೆ ಏರಿರಬೇಕಿತ್ತು. ಅದೇ ಸಭಾಂಗಣಕ್ಕೆ ಅಕ್ಕ ಹನ್ನೊಂದು ದಿನದ ಹಿಂದೆ ಹೋಗಿದ್ದಳು, ಪ್ರಕಟಣೆಗಳಿಗೆ ಧ್ವನಿ ಕೊಡುವುದಕ್ಕೆ. ಕಣ್ಣಿಲ್ಲದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಅಕ್ಕನ ಗಂಟಲನ್ನು ಊರೆಲ್ಲ ಬಲ್ಲದು. ಹೋದವಳು ಮನೆಗೆ ಬರಲಿಲ್ಲ.

"ಹಾಲ್ ಕಟ್ಟಿಸೋ ಕಂಟ್ರಾಕ್ಟರ್ ಫೋನ್ ಮಾಡಿದ್ದ," ಭಾವ ಹೇಳಿದರು. "ಮೇಡಂ ಬೇಡ ಅಂದಿದಾರೆ, ಸದ್ಯಕ್ಕೆ ನಿಮ್ಮಲ್ಲೇ ಇರಲಿ ಅಂದ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಆಗ ನೀನು ಆಸ್ಪತ್ರೇಲಿದ್ದೆ. ಅಕ್ಕನ ಆಪರೇಷನ್ ಆಗಿ ಎರಡನೇ ದಿನ. ಯಾವ ಬಾಯಲ್ಲಿ ಹಲಗೆ ವಿಷಯ ಕೇಳಲಿ?"

ಅವಳು ಟಾರ್ಪಾಲನ್ನು ಕೆಳಗೆ ಬಿಟ್ಟಳು.

"ಭಾವ, ಹಿಂದಿನ ಕೋಣೆ ಬೀಗದಕೈ ಕೊಡಿ."

"ಅಲ್ಲೇನಿದೆ, ಹಳೇ ಸಾಮಾನು."

"ಅಕ್ಕನ ಮಾತನ್ನ ಎಂಟು ಸಲ ಕೇಳಿದೀನಿ. ಆ ಗೋಡೆ ನನ್ನ ತಪ್ಪಿನ ಗೋಡೆ. ಹೆತ್ತವಳಿಗೆ ಮಗುವಿನ ಕೆಮ್ಮು ಗೊತ್ತಾಗಲ್ವಾ?" ಅವಳು ಭಾವನ ಎದುರಿಗೆ ಬಂದು ನಿಂತಳು. "ನೀವು ನನಗೆ ಉಳಿ ಹಿಡಿಯೋದು ಕಲಿಸಿದವರು. ನಿಮ್ಮನ್ನ ನಾನು ಬೇರೇನೂ ಕೇಳಲ್ಲ. ಅಕ್ಕ ಬದುಕಿದಾಳೋ ಇಲ್ಲವೋ, ಅದೊಂದು ಹೇಳಿಬಿಡಿ."

ಭಾವನ ಮುಖ ಕಿವುಚಿಕೊಂಡಿತು. "ಛೆ, ಬಿಡ್ತು ಅನ್ನು," ಅಂದರು. "ಬಿಡ್ತು ಅನ್ನಮ್ಮ ಮೊದಲು."

"ಬಿಡ್ತು."

ಭಾವ ಜೇಬಿಗೆ ಕೈ ಹಾಕಿದರು. ಆದರೆ ಬೀಗದಕೈ ಬೇಕಾಗಲಿಲ್ಲ. ಶೆಡ್ಡಿನ ಆ ಕೊನೆಯಲ್ಲಿ ಚಿಲಕ ಸರಿದ ಸದ್ದಾಯಿತು. ಬಾಗಿಲು ಒಳಗಿನಿಂದಲೇ ತೆರೆಯಿತು.

"ಬಾ ಒಳಗೆ ಪುಟ್ಟಿ," ಅಂದಳು ಅಕ್ಕ. "ಅವರನ್ನ ಗೋಳುಹುಯ್ಕೋಬೇಡ. ಎಲ್ಲ ನಾನು ಮಾಡಿಸಿದ್ದು."

*

ಬೈಯಬೇಕೆಂದು ಹನ್ನೊಂದು ದಿನ ಕೂಡಿಟ್ಟ ಮಾತುಗಳಿದ್ದವು. ಅವನ್ನೆಲ್ಲ ಬಿಟ್ಟು ಅಕ್ಕನ ಭುಜಕ್ಕೆ ಹಣೆ ಊರಿ ಅವಳು ನಿಂತಳು. ಅಕ್ಕನ ಸೀರೆಯಲ್ಲಿ ಮರದ ಹೊಟ್ಟಿನ ವಾಸನೆ ಇತ್ತು.

"ತೆಳ್ಳಗಾಗಿದೀಯ," ಅಂದಳು ಕೊನೆಗೆ.

"ನಿಮ್ಮ ಭಾವನ ಅಡುಗೆ ಹನ್ನೊಂದು ದಿನ ತಿಂದು ನೋಡು, ಆಮೇಲೆ ಮಾತಾಡು."

"ಅಳಬೇಡ ಅಂತ ಕಾರ್ಡಿನಲ್ಲಿ ಹೇಳಿ ಕಳಿಸ್ತೀಯಲ್ಲ, ಕಟುಕಿ. ಅಳಿಸಿದ್ದು ಯಾರು?"

"ಸಮುದ್ರ ಅಂದ್ರೆ ನಂಬ್ತೀಯ ಅಂದ್ಕೊಂಡೆ. ಲಾರಿ ಡ್ರೈವರ್ ಕೈಲಿ ಕೊಟ್ಟು ಬಂದರಿನಿಂದ ಪೋಸ್ಟ್ ಮಾಡಿಸಿದ್ರು ಇವರು. ಅಷ್ಟೆಲ್ಲ ಮಾಡಿದ್ರೂ ಹೇಗೆ ಗೊತ್ತಾಯ್ತು?"

"ನಿನ್ನ ಸಮುದ್ರದ ಅಗಲ ಏಳಡಿ ಇತ್ತು."

ಅಕ್ಕ ನಕ್ಕಳು. ಗೂಡು ಗೂಡಿನ ಹಳೆಯ ಗೋಡೆಗೆ ತಾಗಿ ಆ ನಗು ಕೋಣೆಯ ತುಂಬ ಪುಡಿಪುಡಿಯಾಗಿ ಉದುರಿತು. ಭಾವ ಬಾಗಿಲಲ್ಲೇ ನಿಂತಿದ್ದರು. ಹೊಸ್ತಿಲು ದಾಟಿ ಬರಲಿಲ್ಲ.

ಒಂದು ಮಡಚುವ ಮಂಚ, ಒಂದು ನೀರಿನ ಕೂಜ, ಅಕ್ಕ ಓದುತ್ತಿದ್ದ ಪುಸ್ತಕ, ಧ್ವನಿಮುದ್ರಣದ ಚಿಕ್ಕ ಯಂತ್ರ. ಕಿಟಕಿಗೆ ಹಲಗೆ ಹೊಡೆದಿತ್ತು. ಅಕ್ಕ ಮಂಚದ ಮೇಲೆ ತಂಗಿಯನ್ನು ಕೂರಿಸಿ, ಅವಳ ಎರಡೂ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಆ ದಿನ ನಾನು ಹಾಲ್‌ನಲ್ಲಿ ಹಿಂದಿನಿಂದ ಮೂರನೇ ಸಾಲಿನ ಹತ್ರ ನಿಂತಿದ್ದೆ. ಯಾರೂ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ಕಿವಿ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದ ಹಾಗಾಯ್ತು. ಬೆಚ್ಚಿಬಿದ್ದು ತಿರುಗಿದ್ರೆ ಯಾರೂ ಇಲ್ಲ. ನೋಡಿದ್ರೆ ನಲವತ್ತು ಅಡಿ ದೂರದಲ್ಲಿ, ಬಾಲ್ಕನಿ ಕೆಳಗಿನ ಮೂಲೇಲಿ ಇಬ್ಬರು ನಿಂತಿದಾರೆ. ಬೆನ್ನು ಈ ಕಡೆ. ಒಬ್ಬ ಕಂಟ್ರಾಕ್ಟರ್. ಇನ್ನೊಬ್ಬ ಯಾರೋ ಗೊತ್ತಾಗಲಿಲ್ಲ."

"ಹಲಗೆ ಹಾಕದೇ ಬಿಟ್ಟಿದ್ರಲ್ಲ, ಗೋಡೆ ಅವರ ಮಾತನ್ನ ತಂದು ನಿನ್ನ ಕಿವಿಗೆ ಸುರಿದಿದೆ."

"ಅದೇ. ನೀನು ಬರೆದ ಹಾಗೆ ಮಾಡಿದ್ರೆ ನನಗೆ ಏನೂ ಕೇಳಿಸ್ತಿರಲಿಲ್ಲ." ಅಕ್ಕ ಉಸಿರು ತೆಗೆದುಕೊಂಡಳು. "ಗೋಡೆಗೆ ಬಟ್ಟೆ ಹೊದಿಸಿ ಹಾಕಿದಾರಲ್ಲ, ಸದ್ದು ಕುಡಿಯೋ ಹಾಸು, ಅದರೊಳಗೆ ಏನಿರಬೇಕಿತ್ತು?"

"ಗ್ಲಾಸ್‌ವುಲ್, ಗಾಜಿನ ನಾರು. ಬೆಂಕಿ ಹತ್ತಲ್ಲ ಅದಕ್ಕೆ. ನಾನೇ ಸುಟ್ಟು ನೋಡಿದ್ದೆ."

"ನೀನು ಸುಟ್ಟು ನೋಡಿದ್ದು ಅವರು ಕಳಿಸಿದ ಒಂದು ತುಂಡು. ಆ ತುಂಡು ಸರಿ ಇತ್ತು. ಗೋಡೆ ಮೇಲೆ ಇರೋದು ಬೇರೆ. ಹಲಗೆ ಹೊಡೆಯೋಕೆ ಇವರು ಹಾಲ್‌ಗೆ ಬಂದ್ರೆ ಅದು ಕಣ್ಣಿಗೆ ಬೀಳತ್ತೆ ಅಂತಲೇ ಹಲಗೆ ಬೇಡ ಅಂದಿದ್ದು."

ಅಕ್ಕ ದಿಂಬಿನ ಕೆಳಗಿನಿಂದ ಕಾಗದದ ಪೊಟ್ಟಣ ತೆಗೆದಳು. ಬೂದು ಬಣ್ಣದ ಸ್ಪಂಜಿನಂಥ ಫೋಮು, ಬೆಂಕಿಪೆಟ್ಟಿಗೆಯಷ್ಟು. "ಅವರು ಹೋದ ಮೇಲೆ ಪರದೆ ಹಿಂದೆ ಹರಿದು ತಗೊಂಡೆ. ಹೊರಗೆ ಬರೋವಾಗ ಕಂಟ್ರಾಕ್ಟರ್ ಮೆಟ್ಟಿಲ ಮೇಲಿಂದ ನೋಡಿಬಿಟ್ಟ. ಅಮ್ಮಾ, ಕೈಲೇನು, ಅಂತ ಕೂಗಿದ. ನಾನು ತಿರುಗಿ ನೋಡದೆ ನೇರ ಇಲ್ಲಿಗೆ ಬಂದೆ."

ಭಾವ ಅದರಲ್ಲಿ ಬೆರಳಷ್ಟು ಚಿವುಟಿಕೊಂಡು ಹಿತ್ತಲಿಗೆ ಹೋದರು. ಕಬ್ಬಿಣದ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದರು. ಕಿವಿ ಮೇಡಂ ಮೆಟ್ಟಿಲ ಮೇಲೆ ನಿಂತು ಮನಸ್ಸಿನಲ್ಲೇ ಎಣಿಸತೊಡಗಿದಳು. ಮೂರು ಎನ್ನುವಷ್ಟರಲ್ಲಿ ಜ್ವಾಲೆ ಎದ್ದಿತು. ಐದಕ್ಕೆ ಫೋಮು ಕರಗಿ, ಉರಿಯುತ್ತಲೇ ಹನಿ ಹನಿಯಾಗಿ ತಟ್ಟೆಗೆ ಸುರಿಯಿತು. ಎಂಟಕ್ಕೆ ಏನೂ ಉಳಿದಿರಲಿಲ್ಲ, ಗಂಟಲು ಸುಡುವ ಕಪ್ಪು ಹೊಗೆಯೊಂದರ ಹೊರತು.

ಬೆರಳಷ್ಟು ಚೂರು. ಸಭಾಂಗಣದ ಮೂರು ಗೋಡೆ, ಒಂದು ಚಾವಣಿ. ನಾಡಿದ್ದು ಉದ್ಘಾಟನೆ, ಆರುನೂರು ಶಾಲಾ ಮಕ್ಕಳ ಹಾಡು. ವೇದಿಕೆಯ ದೀಪಗಳನ್ನು ಗೋಡೆಗೆ ತೀರ ಹತ್ತಿರ ಕಟ್ಟಿರುವುದನ್ನು ಅವಳು ನಕ್ಷೆಯಲ್ಲಿ ನೋಡಿದ್ದಳು.

ಅವಳು ಒಳಗೆ ಬಂದು ಅಕ್ಕನೆದುರು ಕುಕ್ಕರಗಾಲಿನಲ್ಲಿ ಕೂತಳು.

"ಇದನ್ನ ನನಗೆ ಯಾಕೆ ಹೇಳಲಿಲ್ಲ? ಹನ್ನೊಂದು ದಿನ, ಅಕ್ಕ. ನಿನ್ನ ಹೆಣ ಗುರುತಿಸೋಕೆ ಒಂದು ಸಲ ಶವಾಗಾರಕ್ಕೂ ಹೋಗಿ ಬಂದೆ. ಅದು ಯಾರೋ ಪಾಪದ ಹೆಂಗಸು. ನೀನಲ್ಲ ಅಂತ ಗೊತ್ತಾದಾಗ ನಾನು ನಕ್ಕುಬಿಟ್ಟೆ. ಅಷ್ಟು ಕೆಟ್ಟವಳಾದೆ."

ಅಕ್ಕನ ಕಣ್ಣು ತುಂಬಿತು. ಆದರೂ ಅವಳು ಪುಸ್ತಕ ಓದುವಾಗಿನ ಅದೇ ನಿಧಾನದಲ್ಲಿ ಹೇಳಿದಳು. "ಹಾಸು ಸರಿಯಾಗಿದೆ, ನಾನು ನೋಡಿದೀನಿ ಅಂತ ಸರ್ಟಿಫಿಕೇಟಿಗೆ ಸಹಿ ಹಾಕಿದ್ದು ನೀನು ಅಂತ ಅವರು ಮಾತಾಡ್ಕೊಂಡು ನಗ್ತಿದ್ರು. ಏನಾದ್ರೂ ಆದ್ರೆ ಆ ಹೆಂಗಸಿನ ಕುತ್ತಿಗೆಗೆ ಬರತ್ತೆ, ನಮಗಲ್ಲ ಅಂದ್ರು. ಅದು ಖೊಟ್ಟಿ ಸಹಿ ಇರಬಹುದು ಅಂತ ನಾನು ದೇವರಿಗೆ ಕೈ ಮುಗಿದೆ. ಆಮೇಲೆ ದಿನಾಂಕ ಹೇಳಿದ್ರು. ಆಗ ಗೊತ್ತಾಯ್ತು ನನಗೆ."

ಕಿವಿ ಮೇಡಂಗೂ ಗೊತ್ತಾಯಿತು.

ಆಸ್ಪತ್ರೆಯ ಕಾರಿಡಾರು. ಅಕ್ಕನಿಗೆ ಆಪರೇಷನ್ ಆದ ಮಾರನೆಯ ದಿನ ಜ್ವರ ಏರಿತ್ತು. ಒಳಗೆ ಡಾಕ್ಟರು ಏನೋ ಗುಸುಗುಸು ಮಾತಾಡುತ್ತಿದ್ದರು. ಕಂಟ್ರಾಕ್ಟರು ಹಣ್ಣಿನ ಚೀಲ ಹಿಡಿದು ಬಂದಿದ್ದ. "ಪಾಪ, ಇಂಥ ಹೊತ್ತಲ್ಲಿ ಬರಬಾರದಿತ್ತು ಮೇಡಂ, ಒಂದು ಸಹಿ ಅಷ್ಟೇ," ಅಂದಿದ್ದ. ಅವಳು ಬಾಗಿಲಿನ ಕಡೆಗೆ ಕಿವಿಯಿಟ್ಟುಕೊಂಡೇ, ಕಾಗದ ನೋಡದೆ, ಅವನ ಬೆನ್ನಿನ ಮೇಲೇ ಇಟ್ಟು ಸಹಿ ಹಾಕಿದ್ದಳು. ಗೋಡೆ ನೋಡಿ ಬರುತ್ತೇನೆ ಎಂದು ಆಮೇಲೆ ಅಂದುಕೊಂಡಿದ್ದಳು. ಅಕ್ಕ ಮನೆಗೆ ಬಂದ ಖುಷಿಯಲ್ಲಿ ಅದು ಮರೆತೇ ಹೋಗಿತ್ತು.

"ಖೊಟ್ಟಿ ಅಲ್ಲ ಅಕ್ಕ. ನಾನೇ ಹಾಕಿದ್ದು."

"ನನ್ನ ಮಂಚದ ಪಕ್ಕ ಕೂತಿದ್ದಕ್ಕೆ ನಿನಗೆ ಈ ಗತಿ ಬಂತು. ಅದಕ್ಕೇ ಹೇಳಲಿಲ್ಲ. ಹೇಳಿದ ಮರುಗಳಿಗೆ ನೀನು ಠಾಣೇಲಿ ನಿಂತು, ತಪ್ಪು ನನ್ನದು ಅಂತಿರ್ತೀಯ. ನಿನ್ನ ಹೆಸರು ಬರದ ಹಾಗೆ ಹೇಗಾದ್ರೂ ನಿಲ್ಲಿಸೋಣ ಅಂತ ಸಭಾಂಗಣದ ಕಮಿಟಿಗೆ ಎರಡು ಕಾಗದ ಬರೆದೆ, ಹೆಸರಿಲ್ಲದೆ. ಒಂದಕ್ಕೂ ಉತ್ತರ ಇಲ್ಲ. ಎದುರಿಗಿದ್ರೆ ನಿನ್ನ ಹತ್ರ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ, ಉಸಿರಲ್ಲೇ ಕಂಡುಹಿಡೀತೀಯ. ಅದಕ್ಕೆ ಕಣ್ಣಿಗೇ ಬೀಳಬಾರದು ಅಂದ್ಕೊಂಡೆ."

ಕಿವಿ ಮೇಡಂ ಅಕ್ಕನ ಕೈಗೆ ಅಂಟಿದ್ದ ಹೊಟ್ಟನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ತೆಗೆದು ಮುಗಿದ ಮೇಲೆ ಫೋನು ಕೈಗೆತ್ತಿಕೊಂಡಳು.

"ಪುಟ್ಟಿ, ಬೇಡ."

"ಆರುನೂರು ಮಕ್ಕಳು, ಅಕ್ಕ. ಪ್ರತಿಯೊಂದಕ್ಕೂ ಒಬ್ಬಳು ಅಕ್ಕನೋ ತಂಗಿಯೋ ಇರ್ತಾಳೆ."

ಇನ್‌ಸ್ಪೆಕ್ಟರ ನಂಬರು ಒತ್ತಿದಳು. ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಳು.

"ಹೇಳಿ ಮೇಡಂ," ಇನ್‌ಸ್ಪೆಕ್ಟರ ಧ್ವನಿ. "ಇನ್ನೂ ಐದಾಗಿಲ್ಲ."

"ಅಕ್ಕ ಸಿಕ್ಕಿದಳು. ಪಕ್ಕದಲ್ಲೇ ಇದಾಳೆ, ಚೆನ್ನಾಗಿದಾಳೆ. ಅದಕ್ಕಿಂತ ಮೊದಲು ಆಗಬೇಕಾದ್ದು ಇನ್ನೊಂದಿದೆ. ನಾಡಿದ್ದಿನ ಸಮಾರಂಭ ನಿಲ್ಲಿಸಿ."

ಅವಳು ಎಲ್ಲವನ್ನೂ ಹೇಳಿದಳು. ಫೋಮು, ಎಂಟು ಎಣಿಕೆ, ಹಾಕದ ಹಲಗೆ, ಆಸ್ಪತ್ರೆಯ ಸಹಿ. ತನ್ನನ್ನು ಉಳಿಸಿಕೊಳ್ಳುವ ಒಂದು ಮಾತನ್ನೂ ನಡುವೆ ಸೇರಿಸಲಿಲ್ಲ.

"ಮೇಡಂ, ಇದನ್ನ ಕೇಳಿಸಿಕೊಂಡ ಮೇಲೆ ನಾನು ಬರ್ಕೋಬೇಕಾಗತ್ತೆ," ಅಂದರು ಅವರು.

"ಬರ್ಕೊಳ್ಳಿ ಅಂತಲೇ ಹೇಳ್ತಿರೋದು."

"ಸರಿ. ಹಾಲ್‌ಗೆ ಈಗಲೇ ಬೀಗ ಹಾಕಿಸ್ತೀನಿ. ಅಗ್ನಿಶಾಮಕದವರನ್ನ ಕರ್ಕೊಂಡು ನಾನೇ ಹೋಗ್ತೀನಿ. ಮಕ್ಕಳ ವಿಷಯ ಮನಸ್ಸಿನಿಂದ ತೆಗೆದುಹಾಕಿ."

ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ಭುಜ ಇಳಿಯಿತು. ಕಿವಿ ಮೇಡಂಗೆ ಹನ್ನೊಂದು ದಿನದಲ್ಲಿ ಮೊದಲ ಸಲ ಪೂರ್ತಿ ಉಸಿರು ಆಡಿತು.

"ಆದ್ರೆ ಮೇಡಂ, ನಾನೇ ನಿಮಗೆ ಫೋನ್ ಮಾಡೋನಿದ್ದೆ." ಇನ್‌ಸ್ಪೆಕ್ಟರು ತಡೆದು ತಡೆದು ಮಾತಾಡಿದರು. "ಮಧ್ಯಾಹ್ನ ಕಂಟ್ರಾಕ್ಟರ್ ಠಾಣೆಗೆ ಬಂದಿದ್ದ. ಯಾರೋ ಕಮಿಟಿಗೆ ಕಾಗದ ಬರೀತಿದಾರೆ. ಬಟ್ಟೆ ಒಳಗೆ ಏನಾದ್ರೂ ಬೇರೆ ಇದ್ರೆ ಅದು ಮೇಡಂ ಹೇಳಿ ಹಾಕಿಸಿದ್ದು, ತನಗೆ ಗೊತ್ತಿಲ್ಲ ಅಂತ ಬರೆದುಕೊಟ್ಟು ಹೋದ. ಅದರ ಜೊತೆ ಒಂದು ಸಾಕ್ಷಿ ಹೇಳಿಕೆ ಇದೆ. ಮೇಡಂ ಹಾಗೆ ಹೇಳಿದ್ದನ್ನ ನಾನು ಕಿವಿಯಾರೆ ಕೇಳಿದೀನಿ ಅಂತ."

"ಯಾರ ಹೇಳಿಕೆ?"

"ನಿಮ್ಮ ಭಾವನದು. ಮೊನ್ನೆ ತಾರೀಕು."

ಮಾತಿನ ಚೂರುಗಳು ಮೂಲೆ ಮೂಲೆಗೂ ತಲುಪಿದವು. ಅಕ್ಕ ಬಾಗಿಲ ಕಡೆ ತಿರುಗಿದಳು.

"ಏನ್ರೀ ಇದು?"

ಭಾವ ಬಾಗಿಲಿನ ಚೌಕಟ್ಟಿಗೆ ಒರಗಿದರು. ನಲವತ್ತು ವರ್ಷ ಮರ ಹೊತ್ತ ಭುಜ ಒಮ್ಮೆಲೇ ಕುಸಿದಂತೆ ಕಂಡಿತು.

"ಮೊನ್ನೆ ಅವನು ಇಲ್ಲಿಗೇ ಬಂದಿದ್ದ," ಅಂದರು. "ನೀನು ಮಲಗಿದ್ದೆ. ಈ ಬಾಗಿಲ ಮುಂದೇನೇ ನಿಂತ್ಕೊಂಡ. ಕೂಗಾಡಲಿಲ್ಲ, ಬೈಯಲಿಲ್ಲ. ಒಳಗಿರೋದು ಹೆಂಡತಿ, ಹೊರಗೆ ಹುಡುಕ್ತಾ ಅಳ್ತಿರೋದು ಮಗಳ ಹಾಗೆ ಬೆಳೆಸಿದ ನಾದಿನಿ. ಇಬ್ಬರಲ್ಲಿ ಒಬ್ಬರೇ ಉಳಿಯೋದು, ಯಾರು ಬೇಕು ನೀವೇ ಹೇಳಿ ಅಂದ." ಅವರು ನಾದಿನಿಯ ಮುಖ ನೋಡಲಿಲ್ಲ. "ಜೈಲಿಗೆ ಹೋದವರು ವಾಪಸ್ ಬರ್ತಾರೆ ಅಂತ ಸಹಿ ಹಾಕಿದೆ ಪುಟ್ಟಿ. ನಿನ್ನ ಸಲುವಾಗಿ ಆಮೇಲೆ ಮನೆ ಮಾರಿಯಾದ್ರೂ ಹೋರಾಡ್ತೀನಿ ಅಂದ್ಕೊಂಡೆ. ಆ ಸಹಿ ಹಾಕಿದಾಗಿನಿಂದ ಒಂದು ಹಲಗೆ ಕೊಯ್ಯಕ್ಕಾಗಿಲ್ಲ ನನಗೆ."

ಕಿವಿ ಮೇಡಂ ಎದ್ದು ಹೋಗಿ ಅವರ ತೋಳು ಹಿಡಿದಳು. ಅವರ ಜಾಗದಲ್ಲಿ ತಾನಿದ್ದಿದ್ದರೆ ಯಾರನ್ನು ಆರಿಸುತ್ತಿದ್ದೆ ಎಂಬ ಪ್ರಶ್ನೆಗೆ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳೂ ಅಕ್ಕನನ್ನೇ ಆರಿಸುತ್ತಿದ್ದಳು.

"ಅಕ್ಕ ಇಲ್ಲಿರೋದು ಅವನಿಗೆ ಹೇಗೆ ತಿಳೀತು ಭಾವ? ನನಗೇ ತಿಳಿದಿರಲಿಲ್ಲ."

ಭಾವ ಮಂಚದ ಮೇಲಿನ ಫೋನಿನ ಕಡೆ ನೋಡಿದರು. ಕರೆ ಇನ್ನೂ ಕಡಿದಿರಲಿಲ್ಲ.

"ಯಜಮಾನ್ರೇ," ಫೋನಿನಿಂದ ಇನ್‌ಸ್ಪೆಕ್ಟರು ಕೇಳಿದರು, ತುಂಬ ಮೆಲ್ಲಗೆ. "ಮೊನ್ನೆ ಅವನು ಒಬ್ಬನೇ ಬಂದಿದ್ನಾ?"

"ಇಲ್ಲ ಸ್ವಾಮಿ," ಅಂದರು ಭಾವ. "ಲಾರಿ ಡ್ರೈವರನ್ನ ಹಿಡಿದು ಕೇಳಿದವರ ಜೊತೆ, ನಿಮ್ಮ ಠಾಣೆ ಜೀಪಿನಲ್ಲಿ ಬಂದಿದ್ದ."